ಟ್ರಯಲ್ ಜಾಕೆಟ್: ಕೈ ಇಳಿಬಿಟ್ಟರೆ ಸರಿ, ಎತ್ತಿದರೆ ಇಡೀ ಜಾಕೆಟ್ಟೇ ಮೇಲೆ ಬರುತ್ತೆ

ಗಂಟುದಾರ

ಎಲ್ಲರಿಗೂ ನಮಸ್ಕಾರ. ಶರ್ಟು, ಸ್ಕರ್ಟು ಅಂತ ನಾಲ್ಕು ವರ್ಷದಿಂದ ಹೊಲಿಯುತ್ತಿದ್ದೇನೆ. ಜಾಕೆಟ್ ಇದೇ ಮೊದಲು. ಭುಜದಿಂದ ಇಳಿಯುವ ಪ್ರಿನ್ಸೆಸ್ ಕಟ್ (ಮೈಯ ಆಕಾರಕ್ಕೆ ಬಾಗಿ ಬರೋ ಉದ್ದ ಹೊಲಿಗೆಗಳು), ಎರಡು ತುಂಡಿನ ತೋಳು, ಕೋಟಿನ ಥರದ ಕಾಲರ್. ಅದಕ್ಕೆಂದೇ ತೆಗೆದಿಟ್ಟ ಕಡುನೀಲಿ ಉಣ್ಣೆ ಬಟ್ಟೆ 2.5 ಮೀಟರ್ ಇದೆ. ಅದಕ್ಕೆ ಕತ್ತರಿ ಹಾಕೋಕೆ ಧೈರ್ಯ ಬರಲಿಲ್ಲ. ಮೊದಲು ಹಳೇ ಬೆಡ್‌ಶೀಟಿನಲ್ಲಿ ಟ್ರಯಲ್ ಹೊಲಿದೆ.

ಕನ್ನಡಿ ಮುಂದೆ ಕೈ ಇಳಿಬಿಟ್ಟು ನಿಂತರೆ ಚೆನ್ನಾಗಿಯೇ ಇದೆ. ಸ್ವಲ್ಪ ಜಂಬವೂ ಬಂತು. ಆಮೇಲೆ ಮೇಲಿನ ಕಪಾಟಿನ ಡಬ್ಬಿಗೆ ಕೈ ಎತ್ತಿದೆ ನೋಡಿ, ಇಡೀ ಜಾಕೆಟ್ ಜೊತೆಗೇ ಎದ್ದಿತು. ಕೆಳಗಿನ ಅಂಚು ಒಂದೂವರೆ ಇಂಚು ಮೇಲೆ. ಕಾಲರ್ ಕಿವಿ ಹತ್ತಿರ. ಎರಡೂ ಕೈ ಮುಂದೆ ಚಾಚಿದರೆ ಬೆನ್ನಿನಲ್ಲಿ ಅಡ್ಡಕ್ಕೆ ಎಳೆತ.

ಬಿಗಿ ಇರಬೇಕು ಅಂದುಕೊಂಡು ಮಗ್ಗುಲ ಹೊಲಿಗೆ ಬಿಚ್ಚಿ ಎರಡೂ ಕಡೆ ಅರ್ಧರ್ಧ ಇಂಚು ಸಡಿಲ ಬಿಟ್ಟೆ. ಜಾಕೆಟ್ ದೊಗಳೆ ಆಯಿತು, ಏರೋದು ನಿಲ್ಲಲಿಲ್ಲ. ಕಂಕುಳಲ್ಲಿ ಬೇರೆ ಒತ್ತುತ್ತಿತ್ತು. ಸರಿ ಅಂತ ತೋಳು ಕೂಡಿಸೋ ಕಿಂಡಿ, ಅಂದ್ರೆ ಆರ್ಮ್‌ಹೋಲಿನ ಕೆಳಭಾಗವನ್ನು 1 ಇಂಚು ಕೆಳಗೆ ಕೊರೆದೆ. ತೋಳನ್ನೂ ಅಷ್ಟೇ ಇಳಿಸಿ ಮತ್ತೆ ಕೂಡಿಸಿದೆ. ಈಗ 3 ಇಂಚು ಏರುತ್ತಿದೆ! ರಿಪೇರಿ ಮಾಡಿದಷ್ಟೂ ಕೆಡುತ್ತಿದೆ.

ಇನ್ನೊಂದು: ಹಿಂದೆ ಕಾಲರಿನ ಕೆಳಗೇ ಒಂದು ಅಡ್ಡ ಮಡಿಕೆ ಬೀಳುತ್ತೆ. ಕೈಯಲ್ಲಿ ಒರೆಸಿದರೆ ಹೋಗುತ್ತೆ, ಒಂದು ಸಲ ಅಲ್ಲಾಡಿದರೆ ವಾಪಸ್.

ಒಂದು ಸೈಜು ದೊಡ್ಡದು ಕತ್ತರಿಸಲಾ? ಇಲ್ಲಾ ವಿಡಿಯೋಗಳಲ್ಲಿ ಹೇಳೋ ಹಾಗೆ ಮಸ್ಲಿನ್ ಬಟ್ಟೆಯಲ್ಲೇ ಹೊಲಿಯಬೇಕಿತ್ತಾ?

ಬಾಬಿನ್_ಖಾಲಿ

ಒಂದು ಸೈಜು ದೊಡ್ಡದು ಮಾಡಿ ಮುಗಿಸಿ. ಟ್ರಯಲ್, ಅದಕ್ಕೊಂದು ಟ್ರಯಲ್ ಅಂತ ಕೂತರೆ ಜಾಕೆಟ್ ಹಾಕೋ ಚಳಿಗಾಲ ಮುಗಿದೇ ಹೋಗುತ್ತೆ.

ಹಳೇಕತ್ತರಿ

ಸೈಜು ದೊಡ್ಡದು ಮಾಡಬೇಡಿ. ಮಾಡಿದರೆ ಭುಜ ಆಚೆ ಜಾರುತ್ತೆ, ಆರ್ಮ್‌ಹೋಲ್ ಇನ್ನೂ ಕೆಳಗಿಳಿಯುತ್ತೆ, ನೀವು ಈಗ ಪಡುತ್ತಿರೋ ಕಷ್ಟವೇ ಜಾಸ್ತಿ ಆಗುತ್ತೆ.

ಕೈ ಆಡೋಕೆ ಜಾಗ ಬೇಕು ಅಂದ್ರೆ ಎಲ್ಲರೂ ಆರ್ಮ್‌ಹೋಲ್ ಕೊರೆಯುತ್ತಾರೆ. ನಾನೂ ಕೆಲಸ ಕಲಿಯುವಾಗ ಕೊರೆದಿದ್ದೆ, ಬೈಸಿಕೊಂಡಿದ್ದೆ. ಅದು ಉಲ್ಟಾ ಕೆಲಸ ಮಾಡುತ್ತೆ. ನಂಬಿಕೆ ಬರಲ್ಲ ಅಂದ್ರೆ ಒಂದು ಕೆಲಸ ಮಾಡಿ. ಈಗ ಮೈಮೇಲಿರೋ ಶರ್ಟಿನಲ್ಲಿ ಕಂಕುಳಿಂದ 3 ಇಂಚು ಕೆಳಗೆ, ತೋಳಿನ ಬಟ್ಟೆಯನ್ನೂ ಮಗ್ಗುಲ ಬಟ್ಟೆಯನ್ನೂ ಸೇರಿಸಿ ಒಂದು ಪಿನ್ ಹಾಕಿ. ಕೈ ಎತ್ತಿ. ಶರ್ಟು ಪೂರ್ತಿ ಮೇಲೆ ಬರುತ್ತೆ. ಪಿನ್ ತೆಗೆದು ಮತ್ತೆ ಎತ್ತಿ. ಅಷ್ಟು ಬರಲ್ಲ. ಕೆಳಗಿಳಿದ ಆರ್ಮ್‌ಹೋಲ್ ಅಂದ್ರೆ ಆ ಪಿನ್ನೇ. ತೋಳನ್ನು ಪಕ್ಕೆಲುಬಿಗೆ ಕಟ್ಟಿಹಾಕಿದ ಹಾಗೆ.

ಲೆಕ್ಕದಲ್ಲಿ ನೋಡಿದರೂ ಅಷ್ಟೇ. ಕೈ ಎತ್ತಿದಾಗ ಸೊಂಟದಿಂದ ಮುಂಗೈವರೆಗೆ ಮೈಯ ಒಳಬದಿ ಉದ್ದವಾಗುತ್ತೆ. ಅಲ್ಲಿ ಬಟ್ಟೆ ಎಷ್ಟಿದೆ? ಮಗ್ಗುಲ ಹೊಲಿಗೆ ಮತ್ತು ತೋಳಿನ ಒಳಹೊಲಿಗೆ ಎರಡೂ ಸೇರಿದಷ್ಟು. ನೀವು 1 ಇಂಚು ಕೊರೆದಾಗ ಮಗ್ಗುಲಲ್ಲಿ 1 ಇಂಚು ಹೋಯಿತು, ತೋಳಲ್ಲೂ 1 ಇಂಚು ಹೋಯಿತು. ಕೈ ಕೇಳೋ ಕಡೆ 2 ಇಂಚು ಬಟ್ಟೆ ಕಳೆದುಕೊಂಡಿರಿ.

ಕೊರೆದ ಜಾಗಕ್ಕೆ ತುಂಡು ಬಟ್ಟೆ ಹಚ್ಚಿ ಮೊದಲಿದ್ದ ಗೆರೆಗೆ ತನ್ನಿ. ತೋಳಿಗೂ ಹಾಗೇ ಮಾಡಿ. ಬಿಟ್ಟ ಮಗ್ಗುಲನ್ನೂ ವಾಪಸ್ ಹೊಲಿಯಿರಿ. ಬೆನ್ನಿನ ಎಳೆತ, ಮಡಿಕೆ ಆಮೇಲೆ ನೋಡೋಣ. ಒಂದು ಸಲಕ್ಕೆ ಒಂದೇ.

ಸೂಜಿಕಣ್ಣು

ಅಕ್ಕಾ, ಟ್ರಯಲ್ ಒಳಗೆ ಏನು ಹಾಕಿಕೊಂಡಿದ್ರಿ? ಶೋಲ್ಡರ್ ಪ್ಯಾಡ್ ಇಟ್ಟಿದ್ರಾ? ಟ್ರಯಲ್ ಮೇಲೆ ಗೆರೆ ಎಳೆದಿದ್ದೀರಾ?

ಗಂಟುದಾರ

ಪಿನ್ ಹಾಕಿ ನೋಡಿದೆ. ಬಾಯಿ ಬಿಟ್ಟುಕೊಂಡು ನಿಂತೆ. ನಾಲ್ಕು ವರ್ಷದಿಂದ ಪ್ರತಿ ಶರ್ಟಿಗೂ ಆರ್ಮ್‌ಹೋಲ್ ಕೊರೀತಾ ಬಂದಿದ್ದೀನಿ ಸಾರ್!

ಸೂಜಿಕಣ್ಣು, ಒಳಗೆ ತೆಳು ಟೀಶರ್ಟು. ಪ್ಯಾಡ್ ಇಲ್ಲ, ಕೊನೆಗೆ ಇಟ್ಟರಾಯ್ತು ಅಂದುಕೊಂಡಿದ್ದೆ. ಪ್ಯಾಟರ್ನಿನಲ್ಲಿ (ಕತ್ತರಿಸೋಕೆ ಇಟ್ಟುಕೊಳ್ಳೋ ಕಾಗದದ ಅಚ್ಚು) 1 ಸೆಂ.ಮೀ. ಪ್ಯಾಡ್ ಅಂತ ಬರೆದಿದೆ. ಗೆರೆ ಅಂದ್ರೆ ಯಾವ ಗೆರೆ?

ಸೂಜಿಕಣ್ಣು

ಬಟ್ಟೆಯ ಮೇಲೇ ಪೆನ್ನಿನಲ್ಲಿ ಎಳೆಯೋದು. ಮುಂದೆ ಮಧ್ಯ, ಹಿಂದೆ ಮಧ್ಯ ನೆಟ್ಟಗೆ ಒಂದೊಂದು. ಎದೆ, ಸೊಂಟ, ಸೀಟು (ಪೃಷ್ಠ) ಇರೋ ಕಡೆ ಸುತ್ತ ಅಡ್ಡ ಗೆರೆ. ತೋಳಿಗೆ ಮೇಲಿನಿಂದ ಕೆಳಕ್ಕೆ ಒಂದು ನೇರ ಗೆರೆ, ಅದಕ್ಕೆ ಕಂಕುಳ ಮಟ್ಟದಲ್ಲಿ ಒಂದು ಅಡ್ಡ ಗೆರೆ. ಈಗ ಹಾಕಿಕೊಂಡರೆ ಬಟ್ಟೆಯೇ ಮಾತಾಡುತ್ತೆ. ಸೊಂಟದ ಗೆರೆ ಹಿಂದೆ ಮೇಲಕ್ಕೆ ಹೋಗಿದ್ದರೆ ಹಿಂಭಾಗಕ್ಕೆ ಉದ್ದ ಸಾಲುತ್ತಿಲ್ಲ ಅಂತ ಅರ್ಥ. ಎದೆಯ ಗೆರೆ ಮುಂದೆ ಮೇಲೆದ್ದಿದ್ದರೆ ಎದೆ ಜಾಗ ಕೇಳುತ್ತಿದೆ. ಗೆರೆ ಇಲ್ಲದಿದ್ದರೆ ಸುಕ್ಕು ಕಾಣುತ್ತೆ, ಕಾರಣ ಕಾಣಲ್ಲ.

ಕನ್ನಡಿಯಲ್ಲಿ ಬೆನ್ನು ನೋಡಬೇಡಿ. ಕತ್ತು ತಿರುಗಿಸಿದ ಕೂಡಲೇ ಹೊಸ ಸುಕ್ಕು ಹುಟ್ಟುತ್ತೆ. ಫೋನ್ ಎಲ್ಲಾದರೂ ನಿಲ್ಲಿಸಿ ಟೈಮರ್ ಇಟ್ಟು ಫೋಟೋ ತೆಗೆಯಿರಿ. ಒಳಗೆ ಜಾಕೆಟ್ ಜೊತೆ ಹಾಕೋ ಶರ್ಟೇ ಇರಲಿ. ಪ್ಯಾಡ್ ಇಡಿ. ಎರಡು ಪಿನ್ ಹಾಕಿ ನಿಲ್ಲಿಸಿದರೆ ಸಾಕು.

ಅರ್ಧಇಂಚು

ಮಸ್ಲಿನ್ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಇದರಲ್ಲಿ ನಾನೂ ಮೋಸ ಹೋಗಿದ್ದೆ. ನಮಗೆ ಮಸ್ಲಿನ್ ಅಂದ್ರೆ ಗಾಳಿಯಂಥ ತೆಳು ಬಟ್ಟೆ. ಅದನ್ನೇ ತಂದು ಕೋಟಿನ ಟ್ರಯಲ್ ಹೊಲಿದೆ. ಹೆಗಲ ಮೇಲೆ ಸೊಳ್ಳೆಪರದೆ ಹೊದ್ದ ಹಾಗಿತ್ತು. ಅಮೆರಿಕದವರು ಮಸ್ಲಿನ್ ಅನ್ನೋದು ಬ್ಲೀಚ್ ಮಾಡದ ಸಾದಾ ಹತ್ತಿ ಬಟ್ಟೆಗೆ. ಅಂದ್ರೆ ನಮ್ಮ ಕೋರಾ ಬಟ್ಟೆ. ಟ್ರಯಲ್ಲೆಲ್ಲ ಅದರಲ್ಲೇ ಹೊಲಿದು ಹೊಲಿದು ಟ್ರಯಲ್ ಉಡುಪಿಗೂ ಅದೇ ಹೆಸರು ಅಂಟಿಕೊಂಡಿದೆ. ಅದೇ ಬಟ್ಟೆ ಬ್ರಿಟನ್ನಿನಲ್ಲಿ ಕ್ಯಾಲಿಕೋ. ಅಮೆರಿಕದಲ್ಲಿ ಕ್ಯಾಲಿಕೋ ಅಂದ್ರೆ ಚಿಕ್ಕ ಚಿಕ್ಕ ಹೂವಿನ ಪ್ರಿಂಟು. ಇನ್ನು ಕೆಲವು ವಿಡಿಯೋದಲ್ಲಿ ಟ್ವಾಲ್ ಅಂತಾರೆ, ಅದು ಫ್ರೆಂಚಿನಿಂದ ಬಂದ ಪದ, ಮೂಲದಲ್ಲಿ ಬಟ್ಟೆ ಅಂತಲೇ ಅರ್ಥ. ತಲೆ ಕೆಡಿಸಿಕೊಳ್ಳಬೇಡಿ.

ಹೆಸರಿಗಿಂತ ತೂಕ ಮುಖ್ಯ. ಉಣ್ಣೆ ಬಟ್ಟೆಯಷ್ಟೇ ದಪ್ಪ, ಅಷ್ಟೇ ಬಿಗುವು ಇರೋದು ಬೇಕು. ದಪ್ಪ ಕೋರಾ, ಇಲ್ಲಾ ಹಳೇ ಪರದೆ. ತೊಳೆದು ತೊಳೆದು ಜೋಲುಬಿದ್ದ ಬೆಡ್‌ಶೀಟು ಮೈಗೆ ಅಂಟಿಕೊಂಡು ಎಲ್ಲ ಸರಿಯಿದೆ ಅಂತ ಸುಳ್ಳು ಹೇಳುತ್ತೆ. ಹಿಗ್ಗೋ ಬಟ್ಟೆ ಮಾತ್ರ ಬೇಡವೇ ಬೇಡ.

ಬಾಬಿನ್_ಖಾಲಿ

ಒಂದು ಪ್ರಶ್ನೆ. ದೊಡ್ಡ ಟೈಲರ್‌ಗಳು ಟ್ರಯಲ್ ಜಾಕೆಟ್ ಹೊಲಿಯಲ್ಲ. ನೇರ ಅಸಲಿ ಬಟ್ಟೆಯನ್ನೇ ಕತ್ತರಿಸಿ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಗಿರಾಕಿಗೆ ತೊಡಿಸುತ್ತಾರೆ. ನಾವ್ಯಾಕೆ ಡಬಲ್ ಕೆಲಸ ಮಾಡಬೇಕು?

ಹಳೇಕತ್ತರಿ

ಹೌದು, ಮಾಡುತ್ತೇವೆ. ಆದರೆ ನಾವು ಆ ಗಿರಾಕಿಯ ಮೈ ಅಳೆದು ಅವರಿಗೆಂದೇ ಗೆರೆ ಎಳೆದಿರುತ್ತೇವೆ. ಭುಜ ಎಷ್ಟು ಇಳಿಜಾರು, ಬೆನ್ನು ಎಷ್ಟು ಬಾಗಿದೆ, ಯಾವ ಭುಜ ಕೆಳಗಿದೆ, ಎಲ್ಲ ಮೊದಲೇ ನೋಡಿರುತ್ತೇವೆ. ಮಗ್ಗುಲು, ಬೆನ್ನು, ಭುಜದಲ್ಲಿ ಬೇಕಾದಷ್ಟು ಮಾರ್ಜಿನ್, ಅಂದ್ರೆ ಹೊಲಿಗೆಯ ಆಚೆ ಹೆಚ್ಚುವರಿ ಬಟ್ಟೆ, ಬಿಟ್ಟಿರುತ್ತೇವೆ. ಈ ಅಕ್ಕ ಹೊಲಿಯುತ್ತಿರೋದು ಕಂಪನಿಯ ಪ್ಯಾಟರ್ನು. ಅದು ಯಾರದ್ದೋ ಸರಾಸರಿ ಮೈ. ಅದರಲ್ಲಿ ಮಾರ್ಜಿನ್ ಸಾಮಾನ್ಯವಾಗಿ 1.5 ಸೆಂ.ಮೀ. ಅಷ್ಟೇ.

ಅಸಲಿ ಬಟ್ಟೆಯಲ್ಲಿ ಆರ್ಮ್‌ಹೋಲನ್ನು ಕೆಳಗೆ ಇಳಿಸಬಹುದು. ಒಮ್ಮೆ ಕತ್ತರಿಸಿದ ಮೇಲೆ ಮೇಲೇರಿಸೋಕೆ ಬಟ್ಟೆ ಎಲ್ಲಿಂದ ತರ್ತೀರಿ?

ಬಾಬಿನ್_ಖಾಲಿ

ಸರಿ, ಒಪ್ಪಿದೆ. ಆದರೂ ನನಗೆ ಬೇಜಾರು.

ಬಿಚ್ಚೋಳು_ಹೊಲಿಯೋಳು

ಬೇಜಾರಿರೋರಿಗೆ: ಟ್ರಯಲ್‌ಗೆ ಲೈನಿಂಗ್ ಬೇಡ, ಜೇಬು ಬೇಡ, ಅಂಚು ಮಡಚೋದು ಬೇಡ. ಜೇಬನ್ನು ಪೆನ್ನಿನಲ್ಲಿ ಬರೆದರೆ ಆಯ್ತು, ಕೈ ಸಹಜವಾಗಿ ಅಲ್ಲಿಗೆ ಹೋಗುತ್ತಾ ಅಂತ ಗೊತ್ತಾದರೆ ಸಾಕು. ಕಾಲರ್ ಮಾತ್ರ ಒಂದು ಪದರ ಹಾಕಿ, ಇಲ್ಲದಿದ್ದರೆ ಕತ್ತಿನ ಹತ್ತಿರ ಏನೂ ತಿಳಿಯಲ್ಲ. ಹೊಲಿಗೆ ಉದ್ದ 4 ಮಿ.ಮೀ., ಕಣ್ಣಿಗೆ ಹೊಡೆಯೋ ಬಣ್ಣದ ದಾರ, ತುದಿಯಲ್ಲಿ ಹಿಂದೆ ಮುಂದೆ ಹೊಲಿಯೋದು ಬೇಡ. ಹೇಗಿದ್ದರೂ ಬಿಚ್ಚೋದೇ ತಾನೆ. ಕತ್ತಿನ ಸುತ್ತ ಮಾತ್ರ ಮೊದಲೇ ಒಂದು ಸಾಲು ಹೊಲಿದುಬಿಡಿ, ಓರೆ ಎಳೆ ಇರೋದರಿಂದ ಹಾಕಿ ತೆಗೆಯುವಾಗ ಎಳೆದುಕೊಂಡು ಅಗಲ ಆಗಿಬಿಡುತ್ತೆ. ಮತ್ತೆ ಇಸ್ತ್ರಿ. ಇಸ್ತ್ರಿ ಇಲ್ಲದ ಹೊಲಿಗೆ ನೋಡಿ ಫಿಟ್ಟಿಂಗ್ ಸರಿಯಿಲ್ಲ ಅಂತ ಅಳೋದು ನನ್ನ ಹಳೇ ಹವ್ಯಾಸ.

ಗಂಟುದಾರ

(ಎರಡು ದಿನ ಬಿಟ್ಟು)

ದಪ್ಪ ಕೋರಾ ಸಿಕ್ಕಿತು. ತೇಪೆ ಹಚ್ಚೋ ಬದಲು ಹೊಸದಾಗೇ ಕತ್ತರಿಸಿದೆ, ಪ್ಯಾಟರ್ನ್ ಹೇಗಿದೆಯೋ ಹಾಗೆ, ಸುತ್ತ 1 ಇಂಚು ಮಾರ್ಜಿನ್ ಬಿಟ್ಟು. ಎಲ್ಲ ಗೆರೆ ಎಳೆದೆ. ಶರ್ಟಿನ ಮೇಲೆ ಹಾಕಿದೆ.

ಪ್ಯಾಡ್ ಇಲ್ಲದೆ: ಕಾಲರ್ ಕೆಳಗಿನ ಮಡಿಕೆ ಇದೆ. ಪ್ಯಾಡ್ ಇಟ್ಟರೆ: ಮಡಿಕೆ ನನ್ನ ಕಿರುಬೆರಳಷ್ಟು ದಪ್ಪ! ಮುಂದೆ ಭುಜದ ತುದಿಯಿಂದ ಎದೆಯ ಮಧ್ಯಕ್ಕೆ ಓರೆಯಾಗಿ ಎಳೆತವೂ ಬಂತು. ಎದೆ, ಸೊಂಟದ ಗೆರೆ ಎಲ್ಲ ನೆಟ್ಟಗಿವೆ.

ಸೂಜಿಕಣ್ಣು

ನಿಮ್ಮದು ಚೌಕ ಭುಜ ಅಕ್ಕಾ, ಇಳಿಜಾರು ಕಡಿಮೆ. ಭುಜದ ತುದಿ ಬಟ್ಟೆಯನ್ನು ಮೇಲಕ್ಕೆ ನೂಕುತ್ತಿದೆ. ನೂಕಿದ ಬಟ್ಟೆಗೆ ಹೋಗೋಕೆ ಜಾಗ ಇಲ್ಲ, ಕತ್ತಿನ ಬುಡದಲ್ಲಿ ಬಂದು ಕೂರುತ್ತೆ. ಇಳಿಜಾರು ಭುಜದವರಿಗೆ ಇದರ ಉಲ್ಟಾ, ಕತ್ತಿನಿಂದ ಕಂಕುಳ ಕಡೆಗೆ ಓರೆಯಾಗಿ ಜೋಲುತ್ತೆ. ಆ ಪ್ಯಾಟರ್ನು ಸಾಧಾರಣ ಭುಜ ಮತ್ತು 1 ಸೆಂ.ಮೀ. ಪ್ಯಾಡ್ ಎರಡಕ್ಕೂ ಲೆಕ್ಕ ಹಾಕಿದೆ. ಆ ಪ್ಯಾಡಿನ ಜಾಗವನ್ನು ನಿಮ್ಮ ಮೂಳೆಯೇ ತುಂಬಿಬಿಟ್ಟಿದೆ.

ಭುಜದ ಹೊಲಿಗೆ ತೋಳಿನ ತುದಿಯಿಂದ ಬಿಚ್ಚಿ. ಬಿಚ್ಚಿದ ಕೂಡಲೇ ಅದು ತಾನಾಗಿ ಬಾಯಿ ತೆರೆಯುತ್ತೆ. ತೆರೆದಷ್ಟಕ್ಕೇ ಪಿನ್ ಮಾಡಿ, ಕತ್ತಿನ ಹತ್ತಿರ ಸೊನ್ನೆಗೆ ತನ್ನಿ.

ಹಳೇಕತ್ತರಿ

ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಭುಜದ ತುದಿ ಎಷ್ಟು ಏರುತ್ತೋ ಆರ್ಮ್‌ಹೋಲಿನ ಬುಡವೂ ಅಷ್ಟೇ ಏರಬೇಕು. ಇಲ್ಲದಿದ್ದರೆ ಆರ್ಮ್‌ಹೋಲ್ ದೊಡ್ಡದಾಗಿ ತೋಳು ಕೂರಲ್ಲ. ಎರಡೂ ಸಮನಾಗಿ ಏರಿದರೆ ಅಳತೆ ಅದೇ, ಜಾಗ ಮಾತ್ರ ಮೇಲೆ. ತೋಳನ್ನು ಮುಟ್ಟಬೇಕಿಲ್ಲ. ಪ್ಯಾಡ್ ಪೂರ್ತಿ ಬಿಡಬೇಡಿ, ಅರ್ಧ ಸೆಂ.ಮೀ. ದಪ್ಪದ್ದು ಇಡಿ. ಆಕಾರಕ್ಕೆ ಬೇಕು.

ಗಂಟುದಾರ

ಭುಜದಲ್ಲಿ 1 ಸೆಂ.ಮೀ. ತೆರೆಯಿತು. ಬುಡವನ್ನೂ 1 ಸೆಂ.ಮೀ. ಏರಿಸಿದೆ, 1 ಇಂಚು ಮಾರ್ಜಿನ್ ಬಿಟ್ಟಿದ್ದಕ್ಕೆ ಬಟ್ಟೆ ಇತ್ತು. ಮಡಿಕೆ ಮಾಯ. ಕೈ ಎತ್ತಿದರೆ ಈಗ ಮುಕ್ಕಾಲು ಇಂಚು ಏರುತ್ತೆ. ಆದರೆ ಕಂಕುಳಲ್ಲಿ ಚುಚ್ಚುತ್ತಿದೆ, ಅವತ್ತು ಕೊರೆಯೋಕೆ ಕಾರಣ ಆಗಿದ್ದೂ ಇದೇ. ಇಷ್ಟು ಮೇಲೆ ಇದ್ದರೆ ಇದನ್ನು ಸಹಿಸಲೇಬೇಕಾ?

ಬಿಚ್ಚೋಳು_ಹೊಲಿಯೋಳು

ತಾಳಿ ತಾಳಿ. ಕಂಕುಳಲ್ಲಿ ಮಾರ್ಜಿನ್ ಎಷ್ಟಿದೆ ಈಗ? ಹೊಲಿಗೆವರೆಗೆ ಕತ್ತರಿಯಲ್ಲಿ ಕಚ್ಚು ಹಾಕಿದ್ದೀರಾ?

ಗಂಟುದಾರ

ಅರ್ಧ ಇಂಚಿನ ಮೇಲೇ ಉಳಿದಿದೆ. ಕಚ್ಚು ಹಾಕಿಲ್ಲ.

ಬಿಚ್ಚೋಳು_ಹೊಲಿಯೋಳು

ಹಾಗಾದರೆ ಚುಚ್ಚುತ್ತಿರೋದು ಆರ್ಮ್‌ಹೋಲ್ ಅಲ್ಲ, ಮಾರ್ಜಿನ್! ದಪ್ಪ ಕೋರಾದ ಎರಡು ಪದರ ಕಂಕುಳಲ್ಲಿ ಬೇಲಿ ಥರ ನಿಂತಿದೆ. ಬುಡದ ಆ ಬಾಗಿನಲ್ಲಿ 1 ಸೆಂ.ಮೀ. ಉಳಿಸಿ ಮಿಕ್ಕಿದ್ದು ಕತ್ತರಿಸಿ. ಅರ್ಧ ಇಂಚಿಗೊಂದರಂತೆ ಕಚ್ಚು ಹಾಕಿ, ಹೊಲಿಗೆ ದಾರದ ಹತ್ತಿರಕ್ಕೆ, ದಾರ ಕತ್ತರಿಸದ ಹಾಗೆ. ಆಮೇಲೆ ಹಾಕಿ ನೋಡಿ.

ಗಂಟುದಾರ

ಹೋಯ್ತು.

ಸುಮ್ನೆ ನಗು ಬರುತ್ತಿದೆ. ಅವತ್ತು ಮಾರ್ಜಿನ್ ಕತ್ತರಿಸಿದ್ದರೆ ಇಡೀ ಬೆಡ್‌ಶೀಟು ಉಳಿಯುತ್ತಿತ್ತು.

ಅರ್ಧಇಂಚು

ನಾಲ್ಕು ವರ್ಷದ ಶರ್ಟುಗಳೂ ಉಳಿಯುತ್ತಿದ್ದವು. 😄

ಹಳೇಕತ್ತರಿ

ಆ ಮುಕ್ಕಾಲು ಇಂಚನ್ನು ಬಿಟ್ಟುಬಿಡಿ. ಪೂರ್ತಿ ಸೊನ್ನೆ ಮಾಡಬೇಕಂದ್ರೆ ತೋಳಿನ ತಲೆ (ಭುಜಕ್ಕೆ ಸೇರೋ ಮೇಲಿನ ಬಾಗು) ತಗ್ಗಿಸಬೇಕು. ಆಗ ಕೈ ಇಳಿಬಿಟ್ಟಾಗ ಕಂಕುಳ ಕೆಳಗೆ ಮಡಿಕೆ ತುಂಬಿಕೊಳ್ಳುತ್ತೆ, ಕೆಲಸದ ಶರ್ಟಿನ ಹಾಗೆ. ಜಾಕೆಟ್ಟಿಗೆ ಅದು ಚೆನ್ನಾಗಿರಲ್ಲ.

ಈಗ ಬೆನ್ನು. ಕೈ ಚಾಚಿದಾಗ ಎಳೆತ ಇನ್ನೂ ಇದೆಯಾ?

ಗಂಟುದಾರ

ಕಡಿಮೆ ಆಗಿದೆ. ಹೋಗಿಲ್ಲ. ಸ್ಟೀರಿಂಗ್ ಹಿಡಿದ ಹಾಗೆ ಕೂತರೆ ತಿಳಿಯುತ್ತೆ.

ಹಳೇಕತ್ತರಿ

ಮಗ್ಗುಲು ಬಿಟ್ಟರೆ ಅದು ಹೋಗಲ್ಲ, ಅಲ್ಲಿ ಬಿಗಿಯೇ ಇಲ್ಲವಲ್ಲ. ಯಾರನ್ನಾದರೂ ಕರೆಯಿರಿ. ನೀವು ಸ್ಟೀರಿಂಗ್ ಹಿಡಿದ ಹಾಗೆ ಕೂತಿರಿ. ಅವರು ಬೆನ್ನಿನ ಮಧ್ಯದ ಗೆರೆಯ ಪಕ್ಕ ಕಾಲರ್ ಕೆಳಗಿನಿಂದ ಸೊಂಟದ ಸ್ವಲ್ಪ ಮೇಲಿನವರೆಗೆ ನೆಟ್ಟಗೆ ಸೀಳಲಿ. ಒಳಗಿನ ಶರ್ಟು ಜೋಪಾನ. ಸೀಳು ಎಷ್ಟು ಅಗಲ ಬಾಯಿ ಬಿಡುತ್ತೋ ಅಷ್ಟು ಬಟ್ಟೆ ಬೇಕು ಅಂತ. ಇದಕ್ಕೇ ಟ್ರಯಲ್ ಇರೋದು. ಉಣ್ಣೆಯಲ್ಲಿ ಸೀಳ್ತೀರಾ?

ಗಂಟುದಾರ

ತಂಗಿ ಸೀಳಿದಳು. ಬಹಳ ಖುಷಿಯಿಂದ. ಭುಜದ ಮೂಳೆಗಳ ನಡುವೆ ಮುಕ್ಕಾಲು ಇಂಚು ತೆರೆಯಿತು. ಪ್ಯಾಟರ್ನಿನಲ್ಲಿ ಇದನ್ನು ಎಲ್ಲಿ ಸೇರಿಸಲಿ?

ಹಳೇಕತ್ತರಿ

ನಿಮ್ಮದು ಭುಜದಿಂದ ಇಳಿಯೋ ಪ್ರಿನ್ಸೆಸ್ ಕಟ್. ಹಿಂದಿನ ಎರಡು ಹೊಲಿಗೆಗೆ ಹಂಚಿದರೆ ಒಂದೊಂದಕ್ಕೆ ಸುಮಾರು 1 ಸೆಂ.ಮೀ. ಅದನ್ನು ಹೊಲಿಗೆಯ ಎರಡೂ ಅಂಚಿಗೆ ಅರ್ಧರ್ಧ ಮಾಡಿ. ಭುಜದ ಹೊಲಿಗೆಯಲ್ಲಿ ಸೊನ್ನೆ, ಮೂಳೆಯ ಮಟ್ಟದಲ್ಲಿ ಪೂರ್ತಿ, ಸೊಂಟಕ್ಕೆ ಬರುವಾಗ ಮತ್ತೆ ಸೊನ್ನೆ. ಗೆರೆ ಬಾಗಿ ಬರಲಿ, ಮೂಲೆ ಬೀಳಬಾರದು.

ಅರ್ಧಇಂಚು

ಉಣ್ಣೆ ಕತ್ತರಿಸೋ ಮುಂಚೆ ನನ್ನ ಕಥೆ ಕೇಳಿ. ನನ್ನ ಮೊದಲ ಕೋಟಿನ ಟ್ರಯಲ್ ಮೈಗೆ ಅಚ್ಚು ಹಾಕಿದ ಹಾಗಿತ್ತು. ಅದೇ ಅಳತೆಗೆ ದಪ್ಪ ಉಣ್ಣೆ ಕತ್ತರಿಸಿದೆ. ಕ್ಯಾನ್ವಾಸ್, ಲೈನಿಂಗ್ ಎಲ್ಲ ಸೇರಿದ ಮೇಲೆ ಬಟನ್ ಹಾಕಿದರೆ ಉಸಿರು ಕಟ್ಟುತ್ತಿತ್ತು. ದಪ್ಪ ಬಟ್ಟೆ ಪ್ರತಿ ಹೊಲಿಗೆಯಲ್ಲೂ ತಿರುಗುವಾಗ ಸ್ವಲ್ಪ ಸ್ವಲ್ಪ ತಿನ್ನುತ್ತೆ, ಒಳಪದರಗಳೂ ಜಾಗ ಹಿಡಿಯುತ್ತವೆ. ಟ್ರಯಲ್‌ನಲ್ಲಿ ಎದೆಯ ಹತ್ತಿರ ಪಿನ್ ಹಾಕಿ ಮುಚ್ಚಿದಾಗ ಒಂದು ಮುಷ್ಟಿ ಸಲೀಸಾಗಿ ಒಳಗೆ ಹೋಗಬೇಕು. ಆ ಕೋಟು ಈಗ ಬಟನ್ ಹಾಕದೇ ಓಡಾಡುತ್ತೆ. ಸ್ಟೈಲು ಅಂತ ಹೇಳ್ತೀನಿ.

ಗಂಟುದಾರ

ಮುಷ್ಟಿ ಹೋಗುತ್ತೆ, ನೋಡಿದೆ.

ನಿನ್ನೆ ಸೀಳಿದ ಕಡೆ ತೇಪೆ ಹಚ್ಚಿ ಅರ್ಧ ದಿನ ಟ್ರಯಲ್ ಹಾಕಿಕೊಂಡೇ ಇದ್ದೆ. ಟೈಪ್ ಮಾಡಿದೆ, ಬಟ್ಟೆ ಒಣಹಾಕಿದೆ, ಶೂ ಲೇಸ್ ಕಟ್ಟಿದೆ. ಮರೆತು ಹಾಗೇ ಹೋಗಿ ಪಾರ್ಸೆಲ್ ಕೂಡ ಇಸಕೊಂಡೆ. ಎದೆ ಮೇಲೆ "ಜೇಬು ಇಲ್ಲಿ" ಅಂತ ಕೆಂಪು ಪೆನ್ನಿನಲ್ಲಿ ಬರೆದಿತ್ತು. ತಂದವರು ಏನೂ ಕೇಳಲಿಲ್ಲ.

ಉಳಿದಿರೋದು ಒಂದೇ. ಎರಡೂ ತೋಳಿನ ಮುಂಭಾಗದಲ್ಲಿ, ಭುಜದಿಂದ ಸ್ವಲ್ಪ ಕೆಳಗೆ, ಓರೆ ಸುಕ್ಕು. ತೋಳಿನ ನೇರ ಗೆರೆ ಕೆಳಗೆ ಬರುತ್ತಾ ಹಿಂದಕ್ಕೆ ವಾಲಿದೆ.

ಸೂಜಿಕಣ್ಣು

ನಿಮ್ಮ ಕೈ ಸ್ವಲ್ಪ ಮುಂದಕ್ಕೆ ತೂಗುತ್ತೆ, ತೋಳು ಹಿಂದಕ್ಕೆ ತೂಗುತ್ತಿದೆ. ತೋಳಿನ ತಲೆ ಮಾತ್ರ ಬಿಚ್ಚಿ, ಭುಜದ ಹೊಲಿಗೆಗೆ ಸೇರೋ ಗುರುತನ್ನು ಮುಕ್ಕಾಲು ಸೆಂ.ಮೀ. ಹಿಂದಕ್ಕೆ ಸರಿಸಿ ಪಿನ್ ಮಾಡಿ. ಆಗ ತೋಳಿನ ಕೆಳಗಿನ ತುದಿ ಮುಂದೆ ಬರುತ್ತೆ. ಗೆರೆ ನೆಲಕ್ಕೆ ನೆಟ್ಟಗೆ ಬಂದ ಜಾಗವೇ ಹೊಸ ಗುರುತು.

ಗಂಟುದಾರ

ಮುಕ್ಕಾಲು ಬೇಕಾಗಲಿಲ್ಲ, ಅರ್ಧಕ್ಕೇ ನೆಟ್ಟಗಾಯಿತು. ಈಗ ಟ್ರಯಲ್ ಪೂರ್ತಿ ಬಿಚ್ಚಿ, ಇಸ್ತ್ರಿ ಮಾಡಿ, ಪ್ಯಾಟರ್ನ್ ಕಾಗದದ ಮೇಲೆ ಹಾಸಿ ಹೊಸ ಗೆರೆ ಎಳೆಯುತ್ತಿದ್ದೇನೆ. ಸೇರೋ ಅಂಚುಗಳನ್ನೆಲ್ಲ ಟೇಪಿನಲ್ಲಿ ಅಳೆದೆ. ಒಂದು ಕಡೆ 4 ಮಿ.ಮೀ. ವ್ಯತ್ಯಾಸ ಬಂತು, ಭುಜದ ಮುಂದಿನ ತುಂಡಿನಲ್ಲಿ ಏರಿಸೋದು ಮರೆತಿದ್ದೆ.

ಉಣ್ಣೆ ಬಟ್ಟೆ ಮೇಜಿನ ಮೇಲಿದೆ. ನಾಳೆ ಬೆಳಗ್ಗೆ ಕತ್ತರಿಸುತ್ತೇನೆ. ರಾತ್ರಿ ದೀಪದಲ್ಲಿ ಕಡುನೀಲಿ ಮೇಲೆ ಚಾಕಿನ ಗೆರೆ ಕಾಣಲ್ಲ.

ಹಳೇಕತ್ತರಿ

ಮೊದಲು ಹಬೆ ಕೊಟ್ಟು ಕುಗ್ಗಿಸಿದಿರಾ?

ಗಂಟುದಾರ

ಅಯ್ಯೋ. ನಾಡಿದ್ದು ಕತ್ತರಿಸುತ್ತೇನೆ.